ಕಲ್ಹಟ್ಟಿ ಘಾಟಿಯಲ್ಲಿ ಹಡಗಿನ ಅಭ್ಯಾಸ

ಮಸಿನಗುಡಿಯ ಗುರುಸ್ವಾಮಿಗೆ ಹಡಗಿನಲ್ಲಿ ಹೋಗಬೇಕೆಂಬ ಆಸೆ ಹುಟ್ಟಿದ್ದು ತಪ್ಪಲ್ಲ. ಆಸೆ ಯಾರಿಗೆ ಬೇಕಾದರೂ ಹುಟ್ಟಬಹುದು, ಅದಕ್ಕೆ ಪಂಚಾಯಿತಿಯ ಪರವಾನಗಿ ಬೇಡ. ಆದರೆ ಬಸ್ಸು ಹತ್ತಿದ ಕಾಲು ಗಂಟೆಗೇ ಕಿಟಕಿಯಿಂದ ತಲೆ ಹೊರಗೆ ಹಾಕುವ ಮನುಷ್ಯ, ನಾಲ್ಕು ದಿನ ಸಮುದ್ರದ ಮೇಲೆ ತೇಲುತ್ತೇನೆಂದು ಹೊರಟರೆ, ಅದನ್ನೂ ಊರಿಗೆ ಹೇಳದೆ ಗುಟ್ಟಾಗಿ ತಯಾರಿ ನಡೆಸಿದರೆ, ಊರು ಸುಮ್ಮನೆ ಕೂತಿರುತ್ತದೆಯೇ? ನೀವೇ ಹೇಳಿ.

ಗುರುಸ್ವಾಮಿ ಕಾಡು ತೋರಿಸುವ ಜೀಪುಗಳಿಗೆ ಸೀಟು ಕವರು, ಮೇಲಿನ ಹುಡ್ಡು ಹೊಲಿಯುವ ಟೈಲರು. ಊರು ಗುಂಡ್ಲುಪೇಟೆ ಪಕ್ಕದ ಹಂಗಳ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಹೊಲಿಗೆ ಮೆಷಿನ್ನಿನ ಜೊತೆ ಮಸಿನಗುಡಿಗೆ ಬಂದವನಿಗೆ ಈಗ ಐವತ್ತಾರು. ರೇಷನ್ ಕಾರ್ಡು ತಮಿಳುನಾಡಿನದು, ಓಟು ತಮಿಳುನಾಡಿನದು, ತಿನ್ನುವ ಅಕ್ಕಿಯೂ ತಮಿಳುನಾಡಿನದು. ಆದರೂ ಇಲ್ಲಿಯವರಿಗೆ ಅವನು 'ಮೈಸೂರು ಟೈಲರ್'. ಹಂಗಳದಲ್ಲಿ ಕೇಳಿದರೆ 'ಅವನಾ, ತಮಿಳುನಾಡಿನೋನು' ಅನ್ನುತ್ತಾರೆ. ಮದುವೆಗೆ ತನಗೆ ಪುರುಸೊತ್ತಾಗಲಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೆಣ್ಣು ಕೊಡುವುದಕ್ಕೆ ಯಾರಿಗೂ ಪುರುಸೊತ್ತಾಗಲಿಲ್ಲ ಎನ್ನುವುದು ಸತ್ಯಕ್ಕೆ ಇನ್ನೂ ಸ್ವಲ್ಪ ಹತ್ತಿರ.

ಹಗಲೇನೋ ಹೇಗೋ ಕಳೆಯುತ್ತಿತ್ತು. ಸಂಜೆ ಆರಾದರೆ ಆನೆ ರಸ್ತೆಗಿಳಿಯುತ್ತದೆಂದು ಎಲ್ಲರೂ ಮನೆ ಸೇರಿಬಿಡುತ್ತಾರೆ. ಗುರುಸ್ವಾಮಿಯೂ ಅಂಗಡಿಯ ಹಿಂದಿನ ಕೋಣೆ ಸೇರುತ್ತಿದ್ದ. ಸೇರಿ ಮಾಡುವುದೇನು? ಟಿವಿ ಹಾಕಿ, ಅದರ ಕಡೆ ಬೆನ್ನು ತಿರುಗಿಸಿ ಕೂತು ಪಾರ್ಸಲ್ ಪರೋಟ ತಿನ್ನುತ್ತಿದ್ದ. ಮನೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಿದರೆ ಸಾಕಾಗಿತ್ತು.

ಹೀಗಿರುವಾಗ ಜೀಪ್ ಓಡಿಸುವ ರಾಜೇಶ್‌ಕುಮಾರ್ ಹರಿದ ಸೀಟೊಂದನ್ನು ತಂದು ಹಾಕಿಹೋದ. ಅದರ ಸಂದಿಯಲ್ಲಿ ಚೆನ್ನೈನ ಪ್ರವಾಸಿಗಳು ಬಿಟ್ಟುಹೋದ ಬಣ್ಣದ ಕಾಗದವೊಂದು ಸಿಕ್ಕಿತು. ಚೆನ್ನೈಯಿಂದ ಹೊರಟು, ಪಾಂಡಿಚೇರಿ, ಕಾರೈಕಾಲ್, ನಾಗಪಟ್ಟಣದ ದಡಗಳನ್ನು ತೋರಿಸಿಕೊಂಡು ಮತ್ತೆ ಚೆನ್ನೈಗೆ ಬರುವ ನಾಲ್ಕು ದಿನದ ಹಡಗು. ಚಿತ್ರದಲ್ಲಿ ಸಮುದ್ರವೂ ಇತ್ತು, ಆದರೆ ಗುರುಸ್ವಾಮಿ ಮೊದಲು ನೋಡಿದ್ದು ಊಟದ ಮೇಜನ್ನು. ಹತ್ತಾರು ಜನ ಸುತ್ತ ಕೂತು ನಗುತ್ತಿದ್ದರು. 'ಮೂವತ್ತನಾಲ್ಕು ವರ್ಷ ಈ ನಾಡಿನ ಅನ್ನ ತಿಂದಿದ್ದೀನಿ, ಈ ನಾಡಿನ ಸಮುದ್ರ ನೋಡಿಲ್ಲವಲ್ಲ' ಎಂದು ಅವನಿಗೆ ಒಮ್ಮೆಲೇ ನಾಚಿಕೆಯಾಯಿತು. ಆ ನಾಚಿಕೆಯ ಭರದಲ್ಲೇ ಫೋನು ಮಾಡಿಬಿಟ್ಟ.

ಆ ಕಡೆಯ ಹುಡುಗಿ ಜೇನು ಸುರಿಯುವ ತಮಿಳಿನಲ್ಲಿ, "ಎತ್ತನೆ ಪೇರು ಸಾರ್?" ಎಂದಳು. ಎಷ್ಟು ಜನ ಎಂಬುದು ಎಂಥಾ ಸುಲಭದ ಪ್ರಶ್ನೆ! ಗುರುಸ್ವಾಮಿ ಅಂಗಡಿಯ ಸುತ್ತ ಕಣ್ಣಾಡಿಸಿದ. ಮೆಷಿನ್ನಿತ್ತು, ರೆಕ್ಸಿನ್ ಸುರುಳಿಗಳಿದ್ದವು. ಒಬ್ಬನೇ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ರೆಂಡು ಪೇರು," ಎಂದ.

"ಎರಡನೆಯವರ ಹೆಸರು ಸಾರ್?"

ಆಗ ಎದುರಿನ ಟೀ ಅಂಗಡಿಯಲ್ಲಿ ಕಮಲಂ ಹಾಲು ಕಾಯಿಸುತ್ತಿದ್ದಳು. ಕೋತಗಿರಿ ಕಡೆಯ ಬಡಗರ ಹಟ್ಟಿಯಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವಳು, ಗಂಡ ತೀರಿಹೋಗಿ ಒಂಬತ್ತು ವರ್ಷ. ಹಾಲಿ ಎಂಬ ಹೆಸರಿನ ವಯಸ್ಸಾದ ಅತ್ತೆಯನ್ನು ಸಾಕಿಕೊಂಡು ಅಂಗಡಿ ನಡೆಸುತ್ತಿದ್ದಳು. ಗುರುಸ್ವಾಮಿಗೂ ಅವಳಿಗೂ ದಿನಕ್ಕೆ ಎರಡು ಸಲ ಮಾತುಕತೆ. "ಸಕ್ಕರೆ?" ಎಂದು ಅವಳು, "ಕಮ್ಮಿ" ಎಂದು ಇವನು. ಅಷ್ಟೇ. ಆದರೆ ಆ ಗಳಿಗೆಯಲ್ಲಿ ಕಣ್ಣಿಗೆ ಬಿದ್ದದ್ದು ಅವಳು, ಬಾಯಿಗೆ ಬಂದದ್ದೂ ಅವಳ ಹೆಸರೇ. ವಯಸ್ಸು ಕೇಳಿದಾಗ ತೋಚಿದ್ದೊಂದನ್ನು ಹೇಳಿದ. ಫೋನಿಟ್ಟ ಮೇಲೆ ದಿಗಿಲಾಯಿತು. ಇರಲಿ, ಹೊರಡುವುದಕ್ಕೆ ಇನ್ನೂ ಒಂದೂವರೆ ತಿಂಗಳಿದೆ, ಅಷ್ಟರಲ್ಲಿ ಒಂದು ದಿನ ಧೈರ್ಯ ಬಂದೇ ಬರುತ್ತದೆ, ಕೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡ.

ಊರಿಗೆ ಯಾಕೆ ಹೇಳಲಿಲ್ಲ ಎಂದರೆ ಅದಕ್ಕೊಂದು ಹಳೆಯ ಕಾರಣವಿತ್ತು. ಆರು ವರ್ಷದ ಕೆಳಗೆ ಇದೇ ಗುರುಸ್ವಾಮಿ ಎಲ್ಲರಿಗೂ ಸಾರಿ, ಎಲ್ಲರಿಂದ ಬೀಳ್ಕೊಂಡು ರಾಮೇಶ್ವರಕ್ಕೆ ಹೊರಟಿದ್ದ. ಘಾಟಿಯಲ್ಲಿ ವಾಂತಿಯಾಗಿ ಆಗಿ ಬೆಟ್ಟದ ಬುಡದ ಮೇಟ್ಟುಪಾಳಯದಲ್ಲೇ ಇಳಿದು, ಮಾರನೇ ದಿನ ಬಾಡಿದ ಹಾರದ ಸಮೇತ ವಾಪಸು ಬಂದಿದ್ದ. ಈಗಲೂ ಯಾರಾದರೂ, "ಏನು ಟೈಲರೇ, ರಾಮೇಶ್ವರದ ಪ್ರಸಾದ ಮೇಟ್ಟುಪಾಳಯದಲ್ಲೇ ಕೊಡ್ತಾರಂತೆ?" ಎನ್ನುತ್ತಿದ್ದರು.

ಈ ಸಲ ಹಾಗಾಗಬಾರದು. ಸಮುದ್ರದಲ್ಲಿ ತಲೆ ತಿರುಗದಂತೆ ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕು. ಮಸಿನಗುಡಿಯಲ್ಲಿ ಸಮುದ್ರವೆಲ್ಲಿಂದ ಬರಬೇಕು? ಇರುವುದು ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿ, ಅದರ ಮೂವತ್ತಾರು ತಿರುವು. ದಿನಾ ಅದನ್ನು ಹತ್ತಿ ಇಳಿದರೆ ಬಂಗಾಳ ಕೊಲ್ಲಿ ಏನು ಮಹಾ ಎಂದು ಗುರುಸ್ವಾಮಿ ತೀರ್ಮಾನಿಸಿದ. ಇಂಥ ವಿಚಾರ ನೀಲಗಿರಿಯವನಿಗೆ ಬಿಟ್ಟು ಬೇರೆ ಯಾರಿಗೂ ಹೊಳೆಯದು.

ಮರುದಿನವೇ ಬೆಳಗಿನ ಏಳೂವರೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ. ಓಲಾಟ ಜಾಸ್ತಿ ಇರುವುದು ಅಲ್ಲೇ. ಜೇಬಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕವರು. ಮಾವನಲ್ಲ ಊರು ದಾಟಿ ಐದನೇ ತಿರುವಿನಲ್ಲೇ ಮೊದಲ ಕವರು ಕೆಲಸಕ್ಕೆ ಬಂತು. ಗೂಡಲೂರು ಕಡೆಯ ಮಲಯಾಳಿ ಕಂಡಕ್ಟರ್ ಸುರೇಂದ್ರನ್ ಕನಿಕರದಿಂದ ಬಂದ.

"ಚೇಟ್ಟಾ, ಮುಂದೆ ಬಂದು ಕೂರಿ. ಇಡೀ ಬಸ್ಸು ಖಾಲಿ ಇದೆ."

"ಬೇಡಪ್ಪ, ಇಲ್ಲೇ ಕೂರಬೇಕು."

"ಯಾಕೆ ಚೇಟ್ಟಾ?"

ಎರಡನೇ ಕವರು ಹುಡುಕುತ್ತಿದ್ದ ಗುರುಸ್ವಾಮಿಗೆ ವಿವರಿಸುವ ತಾಳ್ಮೆ ಇರಲಿಲ್ಲ. "ಡಾಕ್ಟರ್ ಹೇಳಿದ್ದಾರೆ," ಎಂದುಬಿಟ್ಟ.

ವಾಂತಿ ಮಾಡುವವನನ್ನು ಹಿಂದಿನ ಸೀಟಿನಲ್ಲಿ ಕೂರಿಸುವ ಡಾಕ್ಟರು ಯಾರು, ಅದು ಎಂಥ ಕಾಯಿಲೆ ಎಂದು ಸುರೇಂದ್ರನ್ ಯೋಚಿಸುತ್ತಲೇ ಟಿಕೆಟ್ ಹರಿದ.

ದಿನವೂ ಹೀಗೇ. ಊಟಿಯಲ್ಲಿ ಇಳಿದ ಮೇಲೆ ಭೂಮಿ ನಿಲ್ಲುವ ತನಕ ಎಲ್ಲಾದರೂ ಕೂರಬೇಕಲ್ಲ. ನಾಲ್ಕನೇ ದಿನ ದೊಡ್ಡಾಸ್ಪತ್ರೆಯ ಗೇಟಿನ ಹತ್ತಿರ ಒಂದು ಬೆಂಚು ಖಾಲಿ ಕಂಡಿತು. ಅದರ ಮೇಲೆ ಎರಡು ಕೈಯಲ್ಲಿ ತಲೆ ಹಿಡಿದು ಕೂತದ್ದನ್ನು ಜೀಪಿನಲ್ಲಿ ಹೋಗುತ್ತಿದ್ದ ರಾಜೇಶ್‌ಕುಮಾರ್ ಕಣ್ಣಾರೆ ಕಂಡ. ಅಂದು ಸಂಜೆ ಕಮಲಂಳ ಟೀ ಅಂಗಡಿಯಲ್ಲಿ ರಾಜೇಶ್‌ಕುಮಾರ್ ನೋಡಿದ್ದೂ ಸುರೇಂದ್ರನ್ ಕೇಳಿದ್ದೂ ಒಂದಕ್ಕೊಂದು ಸೇರಿದವು. ದಿನಾ ಊಟಿ, ದಿನಾ ಆಸ್ಪತ್ರೆ, ದಿನಾ ವಾಂತಿ. ಇನ್ನು ಹೇಳುವುದೇನಿದೆ?

"ಗಡ್ಡೆಗೆ ಕರೆಂಟ್ ಕೊಡ್ತಾ ಇರಬೇಕು," ಎಂದ ರಾಜೇಶ್‌ಕುಮಾರ್ ಮೆಲ್ಲಗೆ.

ಅಲ್ಲಿದ್ದವರೆಲ್ಲ ಗ್ಲಾಸು ಕೆಳಗಿಟ್ಟರು. ಹಟ್ಟಿಯಲ್ಲಾಗಲಿ ಹಂಗಳದಲ್ಲಾಗಲಿ ಆ ಕಾಯಿಲೆಯ ಹೆಸರು ಹೇಳುವ ಪದ್ಧತಿಯಿಲ್ಲ. ಕಾಯಿಲೆ ಬಂದವನ ಎದುರಂತೂ ಕೇಳಲೇಕೂಡದು. ಗಂಜಿ ತೆಗೆದುಕೊಂಡು ಹೋಗಬೇಕು, ಮಳೆ ಬೆಳೆ ಮಾತಾಡಬೇಕು, ಎದ್ದು ಬರಬೇಕು. ಒಬ್ಬರಾದರೂ ನೇರವಾಗಿ 'ಏನಾಗಿದೆ ನಿಮಗೆ' ಎಂದು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮರ್ಯಾದಸ್ಥರ ಊರು, ಯಾರೂ ಕೇಳಲಿಲ್ಲ.

ಮಾರನೇ ಸಂಜೆ ಕಮಲಂ ರಾಗಿ ಗಂಜಿಯ ಪಾತ್ರೆ ಹಿಡಿದು ರಸ್ತೆ ದಾಟಿ ಬಂದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಸ್ಟೂಲಿನ ಮೇಲೆ ಕೂತಳು.

"ಬಿಸಿ ಬಿಸಿ ಕುಡೀರಿ ಟೈಲರಣ್ಣ. ಪರೋಟ ಎಲ್ಲ ಇನ್ನು ಬೇಡ."

ಗುರುಸ್ವಾಮಿ ಗಂಜಿಯನ್ನೂ ನೋಡಿದ, ಅವಳನ್ನೂ ನೋಡಿದ. ಹಡಗಿನ ವಿಷಯ ಹೇಗೋ ಹೊರಬಿದ್ದಿದೆ, ಅದಕ್ಕೇ ಈ ಗೌರವ ಎಂದುಕೊಂಡ. ಮರುದಿನ ಬಸ್‌ಸ್ಟಾಪಿನಿಂದ ಅಂಗಡಿಗೆ ಇನ್ನೂರು ಹೆಜ್ಜೆ ದೂರಕ್ಕೆ ರಾಜೇಶ್‌ಕುಮಾರ್ ಜೀಪು ತಂದು, ತೋಳು ಹಿಡಿದು ಹತ್ತಿಸಿಕೊಂಡಾಗ ಅನುಮಾನ ಪೂರ್ತಿ ಹೋಯಿತು. ಕಣ್ಣು ಸರಿಯಾಗಿ ಕಾಣದ ಹಾಲಿ ಅಜ್ಜಿಯೂ ಕೋಲೂರಿಕೊಂಡು ಬಂದು, ಅವನ ತಲೆ ಬಗ್ಗಿಸಿ, ನೆತ್ತಿಯ ಮೇಲೆ ಕೈಯಿಟ್ಟು ಒಳ್ಳಿತಾಗಲಿ ಎಂದು ಹರಸಿದಳು. ಕತ್ತು ನೋಯುವಷ್ಟು ಹೊತ್ತು ಹರಸಿದಳು. ಹಡಗಿನಲ್ಲಿ ಹೋಗುವವನಿಗೆ ಊರು ಇಷ್ಟು ಮರ್ಯಾದೆ ಕೊಡುತ್ತದೆಂದು ಗೊತ್ತಿದ್ದರೆ ಇಪ್ಪತ್ತು ವರ್ಷ ಮೊದಲೇ ಹೋಗುತ್ತಿದ್ದೆನಲ್ಲ ಎಂದು ಗುರುಸ್ವಾಮಿ ಹಲುಬಿದ.

ಕಮಲಂ ದಿನಾ ಬಂದಳು. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಟಿವಿ ಆರಿಸಿದ್ದು ಅವಳೇ. ಬೆಳ್ಳುಳ್ಳಿಯ ರೇಟು, ಚಿಕ್ಕಂದಿನಲ್ಲಿ ಟೀ ಸೊಪ್ಪು ಕೀಳುವಾಗ ಕಚ್ಚಿದ ಜಿಗಣೆ, ಅತ್ತೆಯ ಹಟ, ಎಲ್ಲ ಹೇಳಿದಳು. ಗುರುಸ್ವಾಮಿ ನಕ್ಕ. ತನ್ನ ನಗು ಆ ಕೋಣೆಯಲ್ಲಿ ಹೀಗೆ ಕೇಳಿಸುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಇವತ್ತು ಕೇಳಿಬಿಡುತ್ತೇನೆ, 'ನನ್ನ ಜೊತೆ ಹಡಗಿಗೆ ಬರ್ತೀರಾ' ಅಂತ, ಎಂದು ಪ್ರತಿ ಸಂಜೆ ಅಂದುಕೊಳ್ಳುತ್ತಿದ್ದ. ಪ್ರತಿ ಸಂಜೆ ಗಂಜಿ ಮುಗಿದುಹೋಗುತ್ತಿತ್ತು.

ಹದಿನೈದನೇ ದಿನ ಮೂವತ್ತಾರು ತಿರುವನ್ನೂ ಒಂದು ಕವರು ಖರ್ಚಿಲ್ಲದೆ ಗೆದ್ದ. ಬಸ್ಸಿನಿಂದ ಎದೆಯುಬ್ಬಿಸಿ ಇಳಿದ. ಸಂಜೆ ಗಂಜಿ ಬಡಿಸುತ್ತ ಕಮಲಂ ಅವನ ಮುಖ ನೋಡಿದಳು.

"ನಮ್ಮವರೂ ಹೀಗೇ ಒಂದು ವಾರ ಚೆನ್ನಾಗಿ ಕಂಡರು ಟೈಲರಣ್ಣ. ಕೊಯಮತ್ತೂರಿಗೆ ದಿನಾ ಕರೆಂಟ್ ಕೊಡಿಸ್ಕೊಳ್ಳೋಕೆ ಹೋಗ್ತಿದ್ದರು. ನಾನು ಅಂಗಡಿ ಬಿಟ್ಟು ಹೋಗಲಿಲ್ಲ. ಒಬ್ಬರೇ ಹೋಗಿ ಬಂದರು. ಅದೊಂದು ನನಗೆ ಈಗಲೂ ಹೊಟ್ಟೆಗೆ ಬೆಂಕಿ ಇಟ್ಟ ಹಾಗಿದೆ. ನೀವು ಒಬ್ಬರೇ ಅಂತ ಅಂದ್ಕೋಬೇಡಿ, ಆಯ್ತಾ?"

ಗುರುಸ್ವಾಮಿಗೆ ಆಗ ಅರ್ಥವಾಯಿತು. ಗಂಜಿ, ಜೀಪು, ಅಜ್ಜಿಯ ಕೈ, ಎಲ್ಲ ಒಟ್ಟಿಗೆ ಅರ್ಥವಾಯಿತು. ನನಗೇನೂ ಆಗಿಲ್ಲಮ್ಮ ಎಂದು ಹೇಳಲು ಬಾಯಿ ತೆರೆದ. ಕಮಲಂ ಇನ್ನೊಂದು ಸೌಟು ಗಂಜಿ ಬಡಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡ. ನಾಳೆ ಹೇಳಿದರಾಯಿತು ಎಂದುಕೊಂಡ.

ಆ ನಾಳೆ ಹನ್ನೊಂದು ದಿನ ಬರಲಿಲ್ಲ. ಈಗ ಕಷ್ಟವೆಂದರೆ ಘಾಟಿ ಅವನಿಗೆ ಒಗ್ಗಿಹೋಗಿತ್ತು, ವಾಂತಿ ಬರುತ್ತಿರಲಿಲ್ಲ, ಕೆನ್ನೆ ತುಂಬಿಕೊಂಡಿತ್ತು. ಕಾಯಿಲೆಯನ್ನು ಕಷ್ಟಪಟ್ಟು ಉಳಿಸಿಕೊಳ್ಳಬೇಕಾಯಿತು. ಬಸ್ಸಿಳಿದ ಮೇಲೆ ಗೋಡೆ ಹಿಡಿದು ನಡೆದ. ಒಮ್ಮೆ ಕೆಮ್ಮಿ ನೋಡಿದ.

"ಕೆಮ್ಮು ಹೊಸದಾ?" ಎಂದಳು ಕಮಲಂ ಗಾಬರಿಯಿಂದ. ರಾತ್ರಿಯ ಪಾಲಿಗೆಂದು ಮೆಣಸಿನ ಸಾರೂ ಬಂತು.

ಸುದ್ದಿ ತರಕಾರಿ ಲಾರಿ ಹತ್ತಿ ಬಂಡೀಪುರ ದಾಟಿತು. ಒಂದು ಭಾನುವಾರ ಮಧ್ಯಾಹ್ನ ಹಂಗಳದಿಂದ ಅಕ್ಕ ಚನ್ನಾಜಮ್ಮ ಬಂದಿಳಿದಳು. ಐವತ್ತು ಕಿಲೋಮೀಟರಿನೊಳಗೆ ಇದ್ದುಕೊಂಡು ಹನ್ನೊಂದು ವರ್ಷ ತಿರುಗಿ ನೋಡದವಳು ಬಸ್‌ಸ್ಟಾಪಿನಿಂದಲೇ ಅಳು ಶುರುಮಾಡಿದಳು.

"ಅಯ್ಯೋ ನನ್ನ ತಮ್ಮಾ! ಹೇಳಬಾರದಾಗಿತ್ತೇನೋ! ಹೆತ್ತವರಿಲ್ಲ, ಹೆಂಡತಿಯಿಲ್ಲ, ನಾನೂ ಸತ್ತೆ ಅಂದ್ಕೊಂಡ್ಯಾ?"

ರಸ್ತೆಯ ಜನವೆಲ್ಲ ಅವಳ ಹಿಂದೆ ಅಂಗಡಿಗೆ ನುಗ್ಗಿತು. ಕಮಲಂ ಸ್ಟವ್ ಆರಿಸಿ ಬಂದಳು. ಚನ್ನಾಜಮ್ಮ ತಮ್ಮನ ತಲೆ ಸವರಿ, ಕೋಣೆಯ ಸುತ್ತ ನೋಡಿ, ಒಮ್ಮೆಲೇ ಅಳು ನಿಲ್ಲಿಸಿದಳು.

"ಔಷಧಿ ಎಲ್ಲೋ? ಒಂದು ಮಾತ್ರೆನೂ ಕಾಣಲ್ಲವಲ್ಲ!"

ಯಾರೋ ಓಡಿಹೋಗಿ ಸರ್ಕಾರಿ ನರ್ಸಮ್ಮ ನಿವೇತಾಳನ್ನು ಕರೆತಂದರು. ಭಾನುವಾರ ಕರೆದರಲ್ಲ ಎಂಬ ಸಿಡುಕಿನಲ್ಲೇ ಅವಳು ಗುರುಸ್ವಾಮಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದಳು, ಬೆರಳು ಚುಚ್ಚಿದಳು, ಕಣ್ಣ ರೆಪ್ಪೆ ಎಳೆದಳು.

"ಬಿಪಿ ನಾರ್ಮಲ್, ಶುಗರ್ ನಾರ್ಮಲ್. ನನಗಿಂತ ಚೆನ್ನಾಗಿದ್ದಾರೆ. ಊಟಿ ಆಸ್ಪತ್ರೆ ಫೈಲ್ ಎಲ್ಲಿ? ಅದು ನೋಡದೆ ನಾನು ಏನೂ ಬರೆಯೋಕಾಗಲ್ಲ."

"ಫೈಲ್ ಇಲ್ಲ," ಎಂದ ಗುರುಸ್ವಾಮಿ.

"ಇಲ್ಲದೆ ಏನು, ಇಲ್ಲಿದೆ!" ಎಂದಳು ಚನ್ನಾಜಮ್ಮ. ಅಷ್ಟರಲ್ಲಿ ಅವಳು ತಮ್ಮನ ಟ್ರಂಕು ತೆರೆದು, ಬಟ್ಟೆಯ ಅಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಕಾಗದ ಎಳೆದಾಗಿತ್ತು. ಗುರುಸ್ವಾಮಿ ಕೈ ಚಾಚಿದ. ಕಾಯಿಲೆಯವನು ಏಳಬಾರದೆಂದು ರಾಜೇಶ್‌ಕುಮಾರ್ ಅವನನ್ನು ಭದ್ರವಾಗಿ ಒತ್ತಿ ಕೂರಿಸಿದ.

ನಿವೇತಾ ಗಟ್ಟಿಯಾಗಿ ಓದಿದಳು. "ಸಮುದ್ರ ವಿಹಾರ, ಮೂರು ರಾತ್ರಿ ನಾಲ್ಕು ಹಗಲು. ಕೋಣೆ ಇಬ್ಬರಿಗೆ. ಪ್ರಯಾಣಿಕರು ಒಂದು, ಗುರುಸ್ವಾಮಿ, ಐವತ್ತಾರು. ಪ್ರಯಾಣಿಕರು ಎರಡು..." ಅವಳು ಕತ್ತೆತ್ತಿ ಜನದ ಕಡೆ ನೋಡಿ ಮತ್ತೆ ಕಾಗದ ನೋಡಿದಳು. "ಕಮಲಂ, ಅರವತ್ತೊಂದು."

ಸದ್ದಡಗಿತು. ಮಸಿನಗುಡಿಯಲ್ಲಿ ಅಷ್ಟು ಜನ ಒಂದು ಕಡೆ ಸೇರಿ ಅಷ್ಟು ಸುಮ್ಮನಿದ್ದದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

"ಅರವತ್ತೊಂದಾ?" ಎಂದಳು ಕಮಲಂ. ಅವಳಿಗೆ ಐವತ್ತಮೂರು.

"ಅದು... ಫೋನಿನಲ್ಲಿ ಅವಸರ ಮಾಡಿದರು," ಎಂದ ಗುರುಸ್ವಾಮಿ. ಆಮೇಲೆ ಬೆಳಗಿನ ಬಸ್ಸು, ಹಿಂದಿನ ಸೀಟು, ಅಭ್ಯಾಸ, ಬೆಂಚು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಒಪ್ಪಿಸಿದ. "ಕೇಳಬೇಕು ಅಂತಲೇ ಇದ್ದೆ ಕಮಲಮ್ಮ. ದಿನಾ ಅಂದ್ಕೋತಿದ್ದೆ."

"ನಿಮಗೆ ಕಾಯಿಲೆ ಅಂತ ನಾವು ತಿಳ್ಕೊಂಡಿದ್ದೀವಿ ಅನ್ನೋದು ನಿಮಗೆ ಯಾವಾಗ ಗೊತ್ತಾಯ್ತು?" ಅವಳ ದನಿ ತಣ್ಣಗಿತ್ತು.

ಗುರುಸ್ವಾಮಿ ಸುಳ್ಳು ಹೇಳಬಹುದಿತ್ತು. "ಹನ್ನೊಂದು ದಿನ ಆಯ್ತು," ಎಂದ.

"ನಮ್ಮವರಿಗೆ ಗಂಜಿ ಕಾಯಿಸಿದ ಹಾಗೆ ನಿಮಗೂ ಕಾಯಿಸಿದೆ," ಎಂದಳು ಕಮಲಂ. ಕಣ್ಣು ತುಂಬಿತು. ತನ್ನ ಪಾತ್ರೆ ಎತ್ತಿಕೊಂಡು ರಸ್ತೆ ದಾಟಿಹೋದಳು.

ಚನ್ನಾಜಮ್ಮ ಕಣ್ಣೊರೆಸಿಕೊಂಡು, "ಹಂಗಾದ್ರೆ ನೀನು ಸಾಯಲ್ವೇನೋ?" ಎಂದು ಕೇಳಿದಳು.

"ಸದ್ಯಕ್ಕೆ ಇಲ್ಲಕ್ಕ."

"ಸರಿ ಮತ್ತೆ. ನಾಲ್ಕೂವರೆ ಬಸ್ಸಿದೆ. ಮನೇಲಿ ಹಸು ಕರೆಯೋರಿಲ್ಲ." ತಂದಿದ್ದ ಬಾಳೆಹಣ್ಣಿನಲ್ಲಿ ಅರ್ಧ ವಾಪಸು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಊರು ಸುಲಭಕ್ಕೆ ಕ್ಷಮಿಸಲಿಲ್ಲ. ಸಾಯದವನಿಗಾಗಿ ಮರುಗಿದ್ದು ದೊಡ್ಡ ನಷ್ಟವೆಂದು ಎಲ್ಲರಿಗೂ ಅನ್ನಿಸಿತು. ರಾಜೇಶ್‌ಕುಮಾರ್ ಜೀಪು ಎದುರಿಗೇ ಹೋದರೂ ಹಾರ್ನ್ ಮಾತ್ರ ಹೊಡೆದ. "ಇನ್ನು ಡಾಕ್ಟರು ಬಸ್ಸಿನ ಮೇಲೆ ಕೂರೋಕೆ ಹೇಳ್ತಾರಾ ಚೇಟ್ಟಾ?" ಎಂದ ಸುರೇಂದ್ರನ್. ಕಮಲಂಳ ಅಂಗಡಿಯಲ್ಲಿ ಇದ್ದ ಒಂದು ಮಾತೂ ಹೋಯಿತು. ಸಕ್ಕರೆ ಎಂದು ಕೇಳದೆಯೇ, ಮೂರು ಚಮಚ ಸುರಿದು ಟೀ ಕುಕ್ಕುತ್ತಿದ್ದಳು. ಸಂಜೆ ಕೋಣೆಯಲ್ಲಿ ಗುರುಸ್ವಾಮಿ ಟಿವಿ ಹಾಕಿದ, ಆರಿಸಿದ, ಮತ್ತೆ ಹಾಕಿದ. ಮೊದಲು ಸಾಕಾಗುತ್ತಿದ್ದದ್ದು ಈಗ ಸಾಕಾಗಲಿಲ್ಲ.

ಹೊರಡುವ ದಿನ ಇಸ್ತ್ರಿ ಅಂಗಿ ಹಾಕಿ, ಸೂಟ್‌ಕೇಸ್ ಹಿಡಿದು, ನೇರ ಟೀ ಅಂಗಡಿಗೆ ಹೋದ. ಐದಾರು ಜನ ಕೂತಿದ್ದರು. ಒಂದೂವರೆ ತಿಂಗಳಿನಿಂದ ಬರದ ಧೈರ್ಯ, ಕೆಲಸಕ್ಕೆ ಬಾರದ ಹೊತ್ತಿನಲ್ಲಿ ಬಂದಿತ್ತು.

"ಕಮಲಮ್ಮ, ಬರ್ತೀರಾ?"

ಅವಳು ಗ್ಲಾಸು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಅರವತ್ತೊಂದು ವಯಸ್ಸಿನ ಕಮಲಂ ಎಲ್ಲಾದ್ರೂ ಸಿಕ್ಕಿದ್ರೆ ಕರ್ಕೊಂಡು ಹೋಗಿ."

ಎಲ್ಲರೂ ನಕ್ಕರು. ಗುರುಸ್ವಾಮಿಯೂ ನಕ್ಕ ಹಾಗೆ ಮಾಡಿ ಬಸ್ಸು ಹತ್ತಿದ.

ಹಡಗಿನ ವಿಷಯ ಹೇಳುವುದಾದರೆ, ಅದು ಅಲುಗಲೇ ಇಲ್ಲ. ಸಮುದ್ರ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಮಲಗಿತ್ತು. ಕಲ್ಹಟ್ಟಿಯನ್ನು ಜೀರ್ಣಿಸಿಕೊಂಡು ಬಂದ ಗುರುಸ್ವಾಮಿಗೆ ಸ್ವಲ್ಪ ಅವಮಾನವೇ ಆಯಿತು. ಚಿತ್ರದಲ್ಲಿದ್ದ ದೊಡ್ಡ ಮೇಜು ದೊಡ್ಡ ಕುಟುಂಬಗಳಿಗಂತೆ. ಅವನಿಗೆ ಸಿಕ್ಕಿದ್ದು ಇಬ್ಬರ ಮೇಜು, ಎರಡು ತಟ್ಟೆ. ಬಡಿಸುವವನು, "ಮೇಡಂ ಎಲ್ಲಿ ಸಾರ್?" ಎಂದ.

"ಬರ್ತಾರೆ," ಎಂದ ಗುರುಸ್ವಾಮಿ.

ಮೂರು ಊಟಕ್ಕೂ ಬರ್ತಾರೆ ಎಂದ. ನಾಲ್ಕನೆಯದಕ್ಕೆ ಬಡಿಸುವವನು ಮುಖ ಸಣ್ಣದು ಮಾಡಿಕೊಂಡು, "ಮೇಡಂಗೆ ಹುಷಾರಿಲ್ವಾ ಸಾರ್?" ಎಂದು ಕೇಳಿದ. ಹೌದು ಎನ್ನುವುದು ಸುಲಭವಾಗಿತ್ತು. ಅರ್ಧ ಗಂಟೆಯಲ್ಲಿ ಕೋಣೆಗೆ ನಿಂಬೆಹಣ್ಣು, ರಸ್ಕು, ಮೆತ್ತಗಿನ ಅನ್ನ ಬಂದವು. ಪಕ್ಕದ ಕೋಣೆಯ ತಂಜಾವೂರಿನ ಅಮ್ಮನೊಬ್ಬಳು ಬಾಗಿಲು ತಟ್ಟಿ, ಶುಂಠಿ ಮಿಠಾಯಿ ಕೊಟ್ಟು, "ನಿಮ್ಮ ಮನೆಯವರನ್ನು ಚೆನ್ನಾಗಿ ನೋಡ್ಕೊಳ್ಳಿ," ಎಂದು ಹೇಳಿಹೋದಳು. ಗುರುಸ್ವಾಮಿ ಹಾಸಿಗೆಯ ತುದಿಯಲ್ಲಿ ಕೂತು, ಇಲ್ಲದವಳ ರಸ್ಕನ್ನು ಒಂದೊಂದೇ ತಿಂದ. ಅಳು ಬಂತು. ಅತ್ತ.

ಮೂರನೇ ದಿನ ಮಧ್ಯಾಹ್ನ ನಾಗಪಟ್ಟಣದ ದಡ ಕಾಣಿಸಿತು, ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಬಂತು. ಎಲ್ಲರೂ ಫೋಟೋ ತೆಗೆಯಲು ಒಂದೇ ಕಡೆ ನುಗ್ಗಿದರು. ಗುರುಸ್ವಾಮಿ ಇನ್ನೊಂದು ಕಡೆಯ ಕಂಬಿ ಹಿಡಿದು ನಿಂತು ಟೀ ಅಂಗಡಿಯ ನಂಬರು ಒತ್ತಿದ.

"ಯಾರು?"

"ನಾನು. ಟೈಲರ್."

ಗ್ಲಾಸುಗಳ ಸದ್ದು ಕೇಳಿಸಿತು. "ಏನು?"

ಅವನು ಹೇಳಬೇಕೆಂದು ಅಂದುಕೊಂಡಿದ್ದದ್ದು ಬೇರೆ. "ಮೈಗೆ ಸರಿಯಿಲ್ಲ ಕಮಲಮ್ಮ," ಎಂದು ಬಂತು ಬಾಯಿಗೆ.

"ಸುಳ್ಳು."

"ಹೂಂ, ಸುಳ್ಳು."

ಈಗ ಫೋನಿಡುತ್ತಾಳೆ ಎಂದು ಗುರುಸ್ವಾಮಿ ಕಣ್ಣು ಮುಚ್ಚಿದ. ಇಡಲಿಲ್ಲ. ಹಾಲು ಉಕ್ಕಿ ಸ್ಟವ್ ಮೇಲೆ ಚುರ್ ಎಂದದ್ದು ಕೇಳಿಸಿತು.

"ಏನು ತಿಂದ್ರಿ?" ಎಂದಳು.

"ಇಡ್ಲಿ. ಪೊಂಗಲ್. ಆಮೇಲೆ ಎಂಥದೋ ಮೀನು ಇಟ್ಟರು, ಅದು ನಾನು ಮುಟ್ಟಲಿಲ್ಲ."

"ಒಬ್ಬರೇ ತಿಂದ್ರಾ?"

ಮೂರು ದಿನ ಹಡಗಿನ ತುಂಬ ಸುಳ್ಳು ಹೇಳಿಕೊಂಡು ತಿರುಗಿದ ಗುರುಸ್ವಾಮಿಗೆ ಇದಕ್ಕೆ ಒಂದೂ ತೋಚಲಿಲ್ಲ.

"ಒಬ್ಬನೇ," ಎಂದ.

ಆ ಕಡೆ ಯಾರೋ ಟೀ ಕೇಳಿದರು. ಮತ್ತೆ ಕೇಳಿದರು.

"ಇರ್ರಿ ಸ್ವಲ್ಪ!" ಎಂದು ಕಮಲಂ ಗದರಿದಳು. "ನಾನು ಮಾತಾಡ್ತಿರೋದು ಕಾಣಲ್ವಾ?"